ಹೊಗೆಯಿದ್ದಲ್ಲಿ ಬೆಂಕಿ ಸಾಲದು

ಬೆಂಕಿಯಿಲ್ಲದೆ ಹೊಗೆಯಿಲ್ಲ ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದವರು. ವರ್ಮಾಂಟಿನ ಹಿಮದಲ್ಲಿ ಮನೆ ಮಾಡಿ, ಸೌದೆ ಒಲೆಯೊಂದನ್ನು ನಂಬಿ ಕೆಲವು ಚಳಿಗಾಲ ಕಳೆದ ಮೇಲೆ ನಮಗೆ ಹೊಳೆದದ್ದು ಅದರ ಇನ್ನೊಂದು ಮುಖ: ಹೊಗೆ ಹೆಚ್ಚಿದ್ದಲ್ಲಿ ಬೆಂಕಿ ಸಾಲದು. ಈ ಪಾಠಕ್ಕೆ ನಾವು ತೆತ್ತ ಬೆಲೆಯನ್ನು ಕೂಟದ ಮಿತ್ರರು ತೆರದಿರಲಿ ಎಂದು ಈ ಬರಹ.

ಮೊದಲ ವರ್ಷ ಬೇಸಗೆಯ ಕೊನೆಗೆ ಎರಡು ಕಾರ್ಡ್ ಸೌದೆ ಕೊಂಡೆವು. ಕಾರ್ಡ್ ಎಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ರಾಶಿ. ಮಾರಿದವರು ಒಣಗಿದೆ ಎಂದರು, ನಾವು ನಂಬಿದೆವು. ಒಲೆಗಿಟ್ಟರೆ ಸೊಂಯ್ ಎಂಬ ಸದ್ದು, ತುಂಡಿನ ತುದಿಯಲ್ಲಿ ನೊರೆ, ಗಾಜಿನ ಬಾಗಿಲಿಗೆಲ್ಲ ಮಸಿ. ಬೆಳಗಿನವರೆಗೂ ಉರಿಯಲಿ ಎಂಬ ಆಸೆಗೆ, ಮಲಗುವ ಮುಂಚೆ ಒಲೆ ತುಂಬ ಸೌದೆ ತುರುಕಿ ಗಾಳಿಯ ಕಿಂಡಿ ಮುಚ್ಚಿಬಿಡುತ್ತಿದ್ದೆವು. ಜನವರಿಯ ಒಂದು ರಾತ್ರಿ ಉರಿಯನ್ನು ಜೋರು ಮಾಡಿದಾಗ ಚಿಮಣಿಯೊಳಗೆ ರೈಲು ಹೊರಟಂತೆ ಆರ್ಭಟ. ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಗೆ ಓಡಿ, ಹಿಮದಲ್ಲಿ ನಿಂತು, ಮಾಡಿನ ಮೇಲೆ ಕಿಡಿಗಳ ಬಾಣಬಿರುಸು ನೋಡಿದೆವು. ಅಗ್ನಿಶಾಮಕ ದಳದವರು ಬೇಗ ಬಂದರು, ಮನೆ ಉಳಿಯಿತು. ರಸಾಯನಶಾಸ್ತ್ರದ ಡಾಕ್ಟರೇಟಿಗೆ ಮಾತ್ರ ಸ್ವಲ್ಪ ಮಸಿ ಹತ್ತಿತು.

ಮುಂದಿನ ವರ್ಷ ಸಾಗರದ ಕಡೆಯ ನಮ್ಮೂರಿನಿಂದ ಅಮ್ಮ ಬಂದರು. ರಾಶಿಯಿಂದ ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದು, "ದೊಪ್ ಅಂತದಲ್ಲೋ! ಇದು ಹಸಿ ಕಣೋ. ಒಣಗಿದ್ದಾದರೆ ಟಣ್ ಅನ್ನಬೇಕು. ಮಳೆಗಾಲದ ಸೌದೆ ಬೇಸಗೆಯಲ್ಲೇ ಕೊಟ್ಟಿಗೆ ಸೇರ್ತಿತ್ತು, ಮರೆತೇಬಿಟ್ಯಾ?" ಎಂದರು. ಪ್ರಯೋಗಶಾಲೆಯವರಲ್ಲವೆ ನಾವು, ತೇವ ಅಳೆಯುವ ಮೀಟರು ತಂದು, ತುಂಡನ್ನು ಸೀಳಿ ಒಳಮೈಗೆ ಚುಚ್ಚಿ ನೋಡಿದೆವು. ಇರಬೇಕಾದದ್ದು ಶೇಕಡಾ 20ರ ಒಳಗೆ, ತೋರಿಸಿದ್ದು 34. ಅಮ್ಮನ ಕಿವಿಯೇ ಗೆದ್ದಿತು.

ಈಗ ಸ್ವಲ್ಪ ಲೆಕ್ಕ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅಂಥ 1 ಕಿಲೋ ಸೌದೆಯಲ್ಲಿನ ನೀರನ್ನೆಲ್ಲ ಕಾಯಿಸಿ ಆವಿ ಮಾಡಲು ಸುಮಾರು 300 ಕಿಲೊಕ್ಯಾಲರಿ ಬೇಕು. ಉಳಿದ ಅರ್ಧ ಕಿಲೋ ಮರ ಕೊಡುವುದು ಸುಮಾರು 2,200. ಏಳರಲ್ಲಿ ಒಂದು ಪಾಲು ಹೋಯಿತು, ಅಷ್ಟೇ ತಾನೆ ಎನ್ನಬಹುದು. ದೊಡ್ಡ ನಷ್ಟ ಬೇರೆಯೇ ಇದೆ. ಮರ ಮರವಾಗಿಯೇ ಉರಿಯುವುದಿಲ್ಲ. 250–300 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಅದು ಒಡೆದು ಅನಿಲಗಳನ್ನು ಬಿಡುತ್ತದೆ. ಸೌದೆಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಈ ಅನಿಲಗಳಲ್ಲಿ, ಉಳಿದದ್ದು ಕೆಂಡದಲ್ಲಿ. ಅನಿಲಗಳು ಪೂರ್ತಿ ಉರಿಯಲು ಸುಮಾರು 600 ಡಿಗ್ರಿ ಕಾವೂ ಬೇಕು, ಗಾಳಿಯೂ ಬೇಕು. ಹಸಿ ಸೌದೆ ಕಾವನ್ನು ಇಳಿಸುತ್ತದೆ. ಮುಚ್ಚಿದ ಕಿಂಡಿ ಗಾಳಿಯನ್ನು ತಡೆಯುತ್ತದೆ. ಉರಿಯದೆ ಉಳಿದದ್ದೇ ಹೊಗೆ. ಅದು ಚಿಮಣಿಯ ತಣ್ಣನೆಯ ಗೋಡೆಗೆ ಟಾರಿನಂತೆ ಅಂಟಿದರೆ ಕ್ರಿಯೋಸೋಟ್. ನಮ್ಮ ಅಡುಗೆಮನೆಯ ಜಂತೆಗೆ ಜೋತುಬೀಳುತ್ತಿದ್ದ ಇಲ್ಲಣದ ದೊಡ್ಡಣ್ಣ. ಅದಕ್ಕೆ ಉರಿ ತಾಗಿದ್ದೇ ನಮ್ಮ ಜನವರಿಯ ರಾತ್ರಿ.

ಈಗ ನಮ್ಮ ಕ್ರಮ ಹೀಗೆ. ಸೌದೆಯನ್ನು ಒಂದು ವರ್ಷ ಮುಂಚೆಯೇ ಕೊಳ್ಳುತ್ತೇವೆ, ಓಕ್ ಆದರೆ ಎರಡು ವರ್ಷ. ಸೀಳಿ, ನೆಲಕ್ಕೆ ತಾಗದಂತೆ ಅಡಿಗೆ ದಿಮ್ಮಿ ಕೊಟ್ಟು ಒಟ್ಟುತ್ತೇವೆ. ಮೇಲ್ಭಾಗಕ್ಕೆ ಮಾತ್ರ ಹೊದಿಕೆ. ಪಕ್ಕಗಳು ಗಾಳಿಗೆ ತೆರೆದಿರಬೇಕು. ಹಚ್ಚುವಾಗ ಸಣ್ಣ ಚಕ್ಕೆ, ಪೂರ್ತಿ ತೆರೆದ ಕಿಂಡಿ. ಉರಿ ಚೆನ್ನಾಗಿ ಹಿಡಿದು ಒಲೆ ಕಾದ ಮೇಲೆ, ಜ್ವಾಲೆ ಆರದಷ್ಟೇ ಗಾಳಿ ಇಳಿಸುತ್ತೇವೆ. ರಾತ್ರಿಗೆಂದು ಉಸಿರು ಕಟ್ಟಿಸುವುದಿಲ್ಲ. ಸಣ್ಣದಾಗಿ, ಬಿಸಿಯಾಗಿ ಉರಿಸಿ, ಮಿಕ್ಕ ಚಳಿಗೆ ರಜಾಯಿ. ಬಣ್ಣ ಬಳಿದ ಮರ, ಪ್ಲಾಸ್ಟಿಕ್ ಒಲೆಗೆ ಹೋಗುವುದಿಲ್ಲ. ಬೂದಿ ಮುಚ್ಚಳದ ಲೋಹದ ಬಕೆಟಿನಲ್ಲಿ, ಮನೆಯಿಂದ ದೂರ. ವರ್ಷಕ್ಕೊಮ್ಮೆ ಚಿಮಣಿ ಗುಡಿಸುವವರಿಗೆ ಕರೆ. ಮಲಗುವ ಕೋಣೆಯ ಹತ್ತಿರ ಕಾರ್ಬನ್ ಮೊನಾಕ್ಸೈಡಿನ ಅಲಾರಂ ಇರಲೇಬೇಕು. ಆ ಅನಿಲಕ್ಕೆ ವಾಸನೆಯಿಲ್ಲ, ಮೂಗನ್ನು ನಂಬುವಂತಿಲ್ಲ.

ಅಮೆರಿಕ ಸರ್ಕಾರ 1988ರಲ್ಲಿ ಹೊಸ ಸೌದೆ ಒಲೆಗಳ ಹೊಗೆಗೆ ಮಿತಿ ಹಾಕಿತು, 2020ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಆದರೆ ಈ ವಿದ್ಯೆ ಇಲ್ಲಿಯವರದೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಮುಂದೆ ರೂಪಿಸಿದ ಅಸ್ತ್ರ ಒಲೆಯ ಗುಟ್ಟೂ ಇದೇ: ಮುಚ್ಚಿದ ಬಿಸಿ ಗೂಡು, ಕೆಳಗೆ ಜಾಲರಿಯಿಂದ ಗಾಳಿ, ಹೊಗೆಗೊಂದು ಚಿಮಣಿ. ಊದುಗೊಳವೆ ಹಿಡಿದು ಕಣ್ಣೀರಿಡುತ್ತಿದ್ದ ನಮ್ಮ ತಾಯಂದಿರಿಗಾಗಿ ಆದ ವಿಜ್ಞಾನ ಅದು.

ಈ ಚಳಿಗಾಲ ಒಲೆ ಹಚ್ಚಿದ ಅರ್ಧ ಗಂಟೆಗೆ ಒಮ್ಮೆ ಅಂಗಳಕ್ಕೆ ಹೋಗಿ ನಿಮ್ಮ ಚಿಮಣಿ ನೋಡಿ. ಬರಿಯ ಬಿಸಿಗಾಳಿ ನಡುಗುತ್ತಿದ್ದರೆ ಒಳಗೆ ಬಂದು ಕಾಫಿ ಕುಡಿಯಿರಿ. ದಟ್ಟ ಹೊಗೆ ಕಂಡರೆ, ಎರಡು ತುಂಡು ಸೌದೆ ಎತ್ತಿಕೊಂಡು ಬಡಿದು ಕೇಳಿ. ಅಮ್ಮ ಊರಿಗೆ ಹೋದ ಮೇಲೆ ನಾವು ಮಾಡುವುದೂ ಅದನ್ನೇ. ಮೀಟರಿನ ಬ್ಯಾಟರಿ ಮುಗಿದು ಬಹಳ ದಿನವಾಯಿತು.