ಹುಳುವಿಗೆ ಗಾಳಿ, ಮನೆಯವರಿಗೆ ಬೇಗೆ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರನ್ನು ಕೇಳಿ ನೋಡಿ. ಹುಳು ಮನೆಗೆ ಕಿಟಕಿ ಎಲ್ಲಿರಬೇಕು, ಮಾಡಿನ ಕೆಳಗೆ ಗಾಳಿಕಿಂಡಿ ಯಾಕೆ ಬೇಕು ಎಂದು ತಡವರಿಸದೆ ಹೇಳುತ್ತಾರೆ. ಬಲಿತ ಹುಳುವಿಗೆ ಸುಮಾರು 25 ಡಿಗ್ರಿ ಶಾಖ ಹಿತ. ಕೋಣೆಯೊಳಗೆ ಸೆಕೆ ತುಂಬಿ ಗಾಳಿಯಾಡದಿದ್ದರೆ ಸಪ್ಪೆ ರೋಗ ಬರುತ್ತದೆ, ಬೆಳೆಯೇ ಹೋಗುತ್ತದೆ. ಹುಳುವಿಗೆ ಇಷ್ಟು ಯೋಚಿಸುವ ನಾವು ಮಕ್ಕಳು ಮಲಗುವ ಕೋಣೆಗೆ ಒಂದೇ ಕಿಟಕಿ ಇಟ್ಟು, ಅದನ್ನೂ ಪರದೆ ಎಳೆದು ಮುಚ್ಚಿಬಿಡುತ್ತೇವೆ.

ಗೌರಿಬಿದನೂರು, ಕುಡುಮಲಕುಂಟೆ ಕಡೆ ಹಿಂದಿನವರ ಮನೆಗಳಿಗೆ ಕಲ್ಲು ಚಪ್ಪಡಿ ಅಥವಾ ಮಣ್ಣಿನ ಮಾಳಿಗೆ ಇರುತ್ತಿತ್ತು. ನೆತ್ತಿಯಲ್ಲೊಂದು ಬೆಳಕಿಂಡಿ. ಒಲೆಯ ಹೊಗೆಯೂ ಬಿಸಿಗಾಳಿಯೂ ಅಲ್ಲಿಂದಲೇ ಹೋಗುತ್ತಿದ್ದವು. ಈಗ ಬಂದಿರುವುದು ಶೀಟಿನ ಮಾಡು, ಇಲ್ಲವೇ ಆರ್‌ಸಿಸಿ. ಶೀಟಿನ ಅಡುಗೆಮನೆಯಲ್ಲಿ ಬೇಸಿಗೆಯ ರಮಝಾನ್‌ನಲ್ಲಿ ಅಸರ್ ಆದ ಮೇಲೆ ಇಫ್ತಾರ್‌ಗೆ ಅಡುಗೆ ಮಾಡುವ ತಾಯಂದಿರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಬಾಯಿಗೆ ಹನಿ ನೀರಿಲ್ಲ, ಮೇಲೆ ಕಾದ ಶೀಟು, ಎದುರಿಗೆ ಒಲೆ. ತಲೆ ಸುತ್ತಿ ಬೀಳುವುದು ಅವರ ನಿಶ್ಶಕ್ತಿಯಿಂದ ಮಾತ್ರವಲ್ಲ, ಮನೆ ಕಟ್ಟಿದ ರೀತಿಯಿಂದಲೂ.

ಲೆಕ್ಕ ಸರಳ. ಬಿಸಿಗಾಳಿ ಹಗುರ, ಮೇಲೇರುತ್ತದೆ. ಮೇಲೆ ದಾರಿಯಿದ್ದರೆ ಹೊರಗೆ ಹೋಗುತ್ತದೆ, ಆ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಎರಡೂ ಬೇಕು. ಮೇಲೆ ಕಿಂಡಿ ಇದ್ದು ಕೆಳಗೆ ಎಲ್ಲವೂ ಮುಚ್ಚಿದ್ದರೆ ಗಾಳಿ ಕದಲದು. ಎಕ್ಸಾಸ್ಟ್ ಫ್ಯಾನ್ ಹಾಕಿಯೂ ಸೆಕೆ ಹೋಗಲಿಲ್ಲ ಎನ್ನುವವರು ಹೆಚ್ಚಾಗಿ ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿಕೊಂಡೇ ಫ್ಯಾನ್ ಹಾಕಿರುತ್ತಾರೆ.

ಎಷ್ಟು ತೆರೆದಿರಬೇಕು? ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ, ಒಣ ಬಿಸಿ ಹವೆಯ ಊರುಗಳಲ್ಲಿ ಕೋಣೆಯ ನೆಲದ ಹತ್ತನೇ ಒಂದು ಭಾಗದಷ್ಟಾದರೂ ಕಿಟಕಿ, ಗಾಳಿಕಿಂಡಿ ಇರಬೇಕು. 10 ಅಡಿ ಅಗಲ, 12 ಅಡಿ ಉದ್ದದ ಕೋಣೆಗೆ 12 ಚದರ ಅಡಿ. ಶೀಟಿನ ಕೆಳಗೆ ಫಾಲ್ಸ್ ಸೀಲಿಂಗ್ ಹೊಡೆಸಿದವರಿಗೆ ಇನ್ನೊಂದು ಲೆಕ್ಕವಿದೆ. ಸೀಲಿಂಗ್ ಮತ್ತು ಶೀಟಿನ ನಡುವಿನ ಅಟ್ಟದಂಥ ಜಾಗದಲ್ಲಿ ಬಿಸಿ ಸಿಕ್ಕಿಕೊಂಡರೆ ರಾತ್ರಿಯಾದರೂ ಕೋಣೆ ತಣಿಯದು. ಅಮೆರಿಕದ ಮನೆ ಕಟ್ಟುವ ನಿಯಮ ಇದಕ್ಕೆ ನೂರೈವತ್ತರಲ್ಲಿ ಒಂದು ಪಾಲು ಎನ್ನುತ್ತದೆ. 600 ಚದರ ಅಡಿ ಮನೆಗೆ 4 ಚದರ ಅಡಿ ತೆರವು. ಅರ್ಧ ಸೂರಿನ ಅಂಚಿನಲ್ಲಿ, ಅರ್ಧ ನೆತ್ತಿಯ ಹತ್ತಿರ. ಸೊಳ್ಳೆ ಪರದೆ ಹೊಡೆದರೆ ಗಾಳಿ ಬಹಳ ಕಡಿಮೆಯಾಗುತ್ತದೆ, ಆಗ ಕಿಂಡಿಯನ್ನು ದೊಡ್ಡದು ಮಾಡಬೇಕು. ಪರದೆ ಮಾತ್ರ ಬಿಡಬೇಡಿ, ಡೆಂಗಿ ಇನ್ನೂ ದುಬಾರಿ.

ಹೆಂಗಸರ ಮರ್ಯಾದೆಗಾಗಿ ಕಿಟಕಿ ಮುಚ್ಚುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಮುಚ್ಚಬೇಕಾದದ್ದು ನೋಟವನ್ನು, ಗಾಳಿಯನ್ನಲ್ಲ. ಆಳೆತ್ತರಕ್ಕಿಂತ ಮೇಲೆ ಇಟ್ಟಿಗೆಯ ಜಾಲರಿ ಕಟ್ಟಿಸಿದರೆ ಎರಡೂ ಆಯಿತು. ಬಿಜಾಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲಿನಲ್ಲಿ ಅರಬಿ ಅಕ್ಷರಗಳನ್ನೇ ಕೊರೆದು ಕಿಟಕಿ ಮಾಡಿದ್ದಾರೆ. ಅಷ್ಟು ಚೆಂದ ನಮ್ಮ ಗಾರೆಯವರಿಂದ ಬೇಡ, ನಾಲ್ಕು ಸಾಲು ಇಟ್ಟಿಗೆ ಸಾಕು.

ಒಂದು ಎಚ್ಚರಿಕೆ. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಗಾಳಿಗೆಂದು ಅದನ್ನು ಕೊರೆಯುವುದು, ಗರಗಸ ಹಾಕುವುದು ಬೇಡ. ಅದರ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ, ಕಾಯಿಲೆ ಕಾಣಿಸಿಕೊಳ್ಳುವುದು ಎಷ್ಟೋ ವರ್ಷಗಳ ನಂತರ. ಶೀಟು ಮುಟ್ಟದೆ ಎರಡು ಕಡೆಯ ತ್ರಿಕೋನ ಗೋಡೆಯಲ್ಲಿ ಇಟ್ಟಿಗೆ ತೆಗೆಸಿ, ಮಳೆ ಬಡಿಯದಂತೆ ಮೇಲೊಂದು ಸಜ್ಜಾ ಇಡಿಸಿ. ಶೀಟಿಗೆ ಬಿಳಿ ಬಣ್ಣ ಬಳಿದರೂ ಬಿಸಿ ಕಡಿಮೆಯಾಗುತ್ತದೆ.

ಆರ್‌ಸಿಸಿ ಮನೆಯವರು ಏಪ್ರಿಲ್ ಮಧ್ಯಾಹ್ನ ಕೆಳಗಿನ ಕಿಟಕಿ ಮುಚ್ಚಿ, ಸೂರ್ಯ ಮುಳುಗಿದ ಮೇಲೆ ಎಲ್ಲವನ್ನೂ ತೆರೆಯಲಿ. ಹಗಲೆಲ್ಲ ಕಾದ ಮೋಲ್ಡು ಬಿಸಿ ಬಿಡುವುದು ರಾತ್ರಿಯಲ್ಲಿ.

ಡಿಸೆಂಬರ್ ಚಳಿಗೆ ಮೇಲಿನ ಕಿಂಡಿಗೆ ಬಟ್ಟೆ ತುರುಕುವವರಿದ್ದಾರೆ. ಕೋಣೆಯಲ್ಲಿ ಕೆಂಡ ಇಟ್ಟುಕೊಂಡಿದ್ದರೆ ಇದು ಜೀವಕ್ಕೇ ಅಪಾಯ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಮಲಗುವಾಗ ಮನೆಯಲ್ಲಿ ಬೆಂಕಿ ಉಳಿಸಬಾರದೆಂದು ಪ್ರವಾದಿ(ಸ) ಕಲಿಸಿದ್ದನ್ನು ನೆನಪಿಡಿ. ಲೋಬಾನ ಹಾಕುವಾಗಲೂ ಕಿಟಕಿ ತೆರೆದಿರಲಿ; ದಮ್ಮಿನ ಮಕ್ಕಳಿದ್ದರೆ ಅದನ್ನು ಬಿಡುವುದೇ ಲೇಸು.

ನಿಮ್ಮ ಮನೆ ಹೇಗಿದೆ ಎಂದು ತಿಳಿಯಲು ಒಂದು ಊದುಬತ್ತಿ ಸಾಕು. ಫ್ಯಾನ್ ಆರಿಸಿ, ಕೆಳಗಿನ ಕಿಟಕಿಯ ಬಳಿ ಹಚ್ಚಿಡಿ. ಹೊಗೆ ಒಳಗೆ ವಾಲಿ ಮೇಲಿನ ಕಿಂಡಿಯತ್ತ ಸಾಗಿದರೆ ಸರಿಯಿದೆ. ಸೀಲಿಂಗ್ ಕೆಳಗೆ ಮೋಡದಂತೆ ನಿಂತರೆ ಗಾರೆಯವರನ್ನು ಕರೆಸಿ.