ಅಪ್ಪನ ಲಾರಿಗೊಂದು ಹಿತ್ತಾಳೆ ವ್ಯಾಗನ್

ಇಂಗ್ಲೆಂಡಿನಲ್ಲಿರುವ ಭಾವ ರಜೆಯಲ್ಲಿ ಊರಿಗೆ ಬಂದಾಗ ನನಗೊಂದು ಲಕೋಟೆ ಕೊಟ್ಟರು. ‘ನಿನಗೆ ರೈಲೆಂದರೆ ಹುಚ್ಚಲ್ವಾ ಮಾರಾಯ, ಇದರೊಳಗೆ ಒಂದು ಗೂಡ್ಸ್ ವ್ಯಾಗನ್ ಉಂಟು’ ಅಂದರು. ತೆರೆದು ನೋಡಿದರೆ ಪೋಸ್ಟ್‌ಕಾರ್ಡಿನಷ್ಟು ಅಗಲದ ಹಿತ್ತಾಳೆ ತಗಡು! ವ್ಯಾಗನ್ ಎಲ್ಲಿ? ಬೆಳಕಿಗೆ ಹಿಡಿದಾಗ ಕಂಡಿತು. ಪಕ್ಕದ ಗೋಡೆ, ಬಾಗಿಲು, ಬ್ರೇಕಿನ ಹಿಡಿಕೆ, ಸಾಸಿವೆಗಿಂತ ಸಣ್ಣ ರಿವೆಟ್ಟುಗಳು ಎಲ್ಲವೂ ಚಪ್ಪಟೆಯಾಗಿ ಒಂದೇ ಚೌಕಟ್ಟಿಗೆ ಅಂಟಿಕೊಂಡಿದ್ದವು. ಕತ್ತರಿಸಿ, ಮಡಚಿ, ಬೆಸುಗೆ ಹಾಕಿದರೆ ಅಂಗೈ ಮೇಲೆ ನಿಲ್ಲುವ ವ್ಯಾಗನ್.

ಇಂಥದ್ದಕ್ಕೆ ಎಚ್ಚಿಂಗ್ ಕಿಟ್ ಅನ್ನುತ್ತಾರೆ. ತಗಡನ್ನು ಯಂತ್ರದಲ್ಲಿ ಕೊರೆಯುವುದಿಲ್ಲ, ರಾಸಾಯನಿಕದಲ್ಲಿ ಕರಗಿಸುತ್ತಾರೆ. ಬೇಡದ ಜಾಗದಲ್ಲಿ ಲೋಹ ಪೂರ್ತಿ ಕರಗುತ್ತದೆ. ಮಡಚಬೇಕಾದ ಜಾಗದಲ್ಲಿ ಅರ್ಧ ದಪ್ಪ ಮಾತ್ರ ಕರಗಿ ಒಂದು ಗೆರೆ ಉಳಿಯುತ್ತದೆ. ಸಾಮಾನ್ಯವಾಗಿ ಆ ಗೆರೆ ಮಡಿಕೆಯ ಒಳಬದಿಗೆ ಬರಬೇಕು. ಸೂಚನೆ ಓದುವ ತಾಳ್ಮೆಯಿಲ್ಲದ ನಾನು ಉಲ್ಟಾ ಮಡಚಿದೆ. ತಪ್ಪು ಗೊತ್ತಾಗಿ ನೇರ ಮಾಡಿದೆ. ಮತ್ತೆ ಈ ಕಡೆಗೆ ಮಡಚಿದೆ. ಸ್ವಲ್ಪ ಓರೆಯಾಯಿತೆಂದು ಇನ್ನೊಮ್ಮೆ ಬಿಡಿಸಿದೆ. ‘ಟಿಕ್’ ಎಂದು ತುಂಡಾಯಿತು. ಲೋಹವನ್ನು ಬಾಗಿಸಿದಷ್ಟೂ ಅದು ಗಡುಸಾಗಿ ಕೊನೆಗೆ ಮುರಿಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನೇ!

ಆಗ ನಾನು ನಿಟ್ಟೆಯಲ್ಲಿ ಓದು ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಎರಡು ಕಂಪೆನಿಗಳ ಕೊನೆಯ ಸುತ್ತಿನವರೆಗೂ ಹೋಗಿ ಹೊರಬಿದ್ದಿದ್ದೆ. ಜೊತೆಗಿದ್ದವರೆಲ್ಲ ಬೆಂಗಳೂರು ಬಸ್ಸು ಹತ್ತಿದ್ದರು. ಮುರಿದ ತಗಡು ಹಿಡಿದು ಕುಳಿತವನನ್ನು ಕಂಡ ಅಪ್ಪ, ‘ಕೆಲಸ ಹುಡುಕುವ ಹೊತ್ತಿನಲ್ಲಿ ಎಂತದು ಇದು ಮಕ್ಕಳಾಟ?’ ಎಂದು ಕೇಳಿದರು. ಉತ್ತರ ಇರಲಿಲ್ಲ.

ಅಪ್ಪ ಲಾರಿ ಚಾಲಕ. ಕೊಂಕಣ ರೈಲ್ವೆಯ ರೋ-ರೋ ರೈಲಿನಲ್ಲಿ ಎಷ್ಟೋ ಸಲ ಹೋಗಿ ಬಂದವರು. 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಶುರುವಾದ ಈ ಸೇವೆ ಆಮೇಲೆ ನಮ್ಮ ಸುರತ್ಕಲ್‌ವರೆಗೂ ಬಂತು. ಸರಕು ತುಂಬಿದ ಲಾರಿಯನ್ನು ಹಾಗೆಯೇ ಚಪ್ಪಟೆ ವ್ಯಾಗನ್ ಮೇಲೆ ಹತ್ತಿಸುತ್ತಾರೆ. ಸುರತ್ಕಲ್‌ನಿಂದ ಕೋಲಾಡ್‌ಗೆ 700 ಕಿ.ಮೀ.ಗೂ ಹೆಚ್ಚು ದೂರ. ಅಷ್ಟೂ ದೂರ ಚಾಲಕ, ಕ್ಲೀನರ್ ತಮ್ಮ ಲಾರಿಯಲ್ಲೇ ಕುಳಿತಿರುತ್ತಾರೆ. ಡೀಸೆಲ್ ಉಳಿಯುತ್ತದೆ, ಟೈರು ಸವೆಯುವುದಿಲ್ಲ, ರಾತ್ರಿಯಿಡೀ ನಿದ್ದೆಗೆಟ್ಟು ಓಡಿಸಬೇಕಾಗಿಲ್ಲ. ‘ಮೊದಲ ಸಲ ಸುರಂಗ ಬಂದಾಗ ಗೊತ್ತಿಲ್ಲದೆ ಬ್ರೇಕ್ ತುಳಿದೇ ಕೂತಿದ್ದೆ’ ಎಂದು ಅಪ್ಪ ಈಗಲೂ ನಗುತ್ತಾರೆ. ನಿಟ್ಟೆಯಲ್ಲಿ ರೈಲಿಲ್ಲ. ಚಿಕ್ಕವನಿದ್ದಾಗ ಪಡುಬಿದ್ರಿಗೆ ಹೋಗಿ, ಲಾರಿಗಳನ್ನು ಹೊತ್ತ ರೈಲು ಬರುತ್ತದಾ ಎಂದು ಕಾದು ನಿಂತದ್ದುಂಟು.

ಅದೇ ವ್ಯಾಗನ್ನನ್ನು ನಾನೇ ಮಾಡಿದರೆ? ಹುಡುಕಿದೆ, ಅದರ ಕಿಟ್ ಎಲ್ಲೂ ಸಿಗಲಿಲ್ಲ. ಕಾಲೇಜಿನ ಲ್ಯಾಬ್ ನೆನಪಾಯಿತು. ಸರ್ಕಿಟ್ ಬೋರ್ಡ್ ಮಾಡುವಾಗ ತಾಮ್ರದ ಹಲಗೆಯನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದುತ್ತಿದ್ದೆವು. ಹಿತ್ತಾಳೆಯೂ ಅದರಲ್ಲೇ ಕರಗುತ್ತದೆ! ಇಂಗ್ಲೆಂಡಿನಿಂದ ಬಂದ ಬೆರಗು ನಮ್ಮ ಎರಡನೇ ವರ್ಷದ ಪ್ರಯೋಗವೇ ಆಗಿತ್ತು.

ಫೋಟೊಗಳನ್ನು ನೋಡಿ ಕಂಪ್ಯೂಟರಿನಲ್ಲಿ ನಕ್ಷೆ ಬರೆದೆ. 1:87 ಅಳತೆ, ಅಂದರೆ ನಿಜವಾದ ವ್ಯಾಗನ್ನಿನ 87 ಮಿ.ಮೀ. ಇಲ್ಲಿ 1 ಮಿ.ಮೀ. ಅಲ್ಲೇ ಮೊದಲ ತೊಡಕು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; ಈ ಅಳತೆಗೆ ಸುಮಾರು 19.3 ಮಿ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿ, ಚಕ್ರ ಮಾತ್ರ 16.5 ಮಿ.ಮೀ.ನವು. ಅವು ವಿದೇಶದ 1435 ಮಿ.ಮೀ. ಹಳಿಗೆ ಹೊಂದುವಂಥವು. ಸಿಕ್ಕಿದ ಚಕ್ರಕ್ಕೇ ರಾಜಿಯಾದೆ. ನಾವೆಲ್ಲ ಇಡೀ ಡಬ್ಬಿಯನ್ನು ಬೋಗಿ ಅನ್ನುತ್ತೇವಲ್ಲ, ರೈಲ್ವೆಯವರ ಭಾಷೆಯಲ್ಲಿ ಬೋಗಿಯೆಂದರೆ ಡಬ್ಬಿಯ ಅಡಿಯಲ್ಲಿ ಚಕ್ರಗಳನ್ನು ಹಿಡಿದಿರುವ ಚೌಕಟ್ಟು ಎನ್ನುವುದೂ ಆಗಲೇ ಗೊತ್ತಾದದ್ದು.

ನಕ್ಷೆಯನ್ನು ಪಾರದರ್ಶಕ ಹಾಳೆಯಲ್ಲಿ ಮುದ್ರಿಸಿ, 0.3 ಮಿ.ಮೀ. ದಪ್ಪದ ತಗಡಿನ ಎರಡೂ ಬದಿಗೆ ಬೆಳಕು ಬಿದ್ದರೆ ಗಟ್ಟಿಯಾಗುವ ಫಿಲ್ಮ್ ಅಂಟಿಸಿದೆ. ಮೊದಲನೇ ತಗಡಿನಲ್ಲಿ ಎರಡು ಬದಿಯ ಚಿತ್ರಗಳು ಒಂದಕ್ಕೊಂದು ಕೂಡಲಿಲ್ಲ. ಎರಡನೆಯದನ್ನು ದ್ರಾವಣದಲ್ಲಿ ಹೆಚ್ಚು ಹೊತ್ತು ಬಿಟ್ಟೆ. ದ್ರಾವಣ ಆಳಕ್ಕೆ ಮಾತ್ರವಲ್ಲ, ಅಕ್ಕಪಕ್ಕಕ್ಕೂ ತಿನ್ನುತ್ತದೆ. ಸಪೂರ ಭಾಗಗಳೆಲ್ಲ ಮಾಯ. ಮೂರನೆಯದರಲ್ಲಿ ಗೆರೆಗಳನ್ನು ಅಷ್ಟಕ್ಕಷ್ಟು ದಪ್ಪ ಬರೆದೆ. ಅದು ಉಳಿಯಿತು. (ನೀವು ಪ್ರಯತ್ನಿಸುವುದಾದರೆ ಕೈಗವಸು, ಕನ್ನಡಕ ಬೇಕೇ ಬೇಕು. ಬಳಸಿದ ದ್ರಾವಣವನ್ನು ಬಚ್ಚಲಿಗೆ, ತೋಟಕ್ಕೆ ಚೆಲ್ಲಬೇಡಿ. ಲ್ಯಾಬಿನವರನ್ನು ಕೇಳಿ ವಿಲೇವಾರಿ ಮಾಡಿ.)

ಈ ಸಲ ಮಡಚುವ ಮುನ್ನ ಅದೇ ನಕ್ಷೆಯನ್ನು ಕಾಗದದಲ್ಲಿ ಕತ್ತರಿಸಿ ಮಡಚಿ ನೋಡಿದೆ. ಆಮೇಲೆ ತಗಡನ್ನು ಎರಡು ಉಕ್ಕಿನ ಪಟ್ಟಿಗಳ ನಡುವೆ ಬಿಗಿದು, ಒಂದೇ ಸಲಕ್ಕೆ ಮಡಚಿದೆ. ಮಡಿಕೆಯೇನೋ ಸರಿಯಾಯಿತು, ಬೆಸುಗೆ ಮಾತ್ರ ಹಿಡಿಯಲಿಲ್ಲ. ಸೀಸ ಗುಂಡಗಾಗಿ ಉದುರುತ್ತಿತ್ತು. ಬೆಳ್ಮಣ್ಣಿನ ಗೆಳೆಯನ ಅಪ್ಪ ಚಿನ್ನದ ಕೆಲಸದವರು. ಅವರಲ್ಲಿಗೆ ಹೋದೆ. ನನ್ನ ತಗಡನ್ನು ನೋಡಿ, ‘ಮೊದಲು ತಿಕ್ಕಿ ತೊಳಿ. ಆಮೇಲೆ ಬೆಸುಗೆಯನ್ನು ಕಾಯಿಸಬೇಡ, ಲೋಹವನ್ನು ಕಾಯಿಸು. ಲೋಹ ಕಾದರೆ ಬೆಸುಗೆ ತಾನಾಗಿ ಓಡುತ್ತದೆ’ ಅಂದರು. ಹಾಗೇ ಮಾಡಿದೆ, ಓಡಿತು! ಆದರೆ ಖುಷಿಯಲ್ಲಿ ಒಂದು ಬೋಗಿಯನ್ನು ಹಿಂದುಮುಂದಾಗಿ ಅಂಟಿಸಿಬಿಟ್ಟೆ. ಎಲ್ಲ ಹಾಳಾಯಿತೆಂದು ಮುಖ ಸಣ್ಣದು ಮಾಡಿದಾಗ ಅವರು ನಕ್ಕು, ‘ಬೆಸುಗೆ ತಪ್ಪಿದರೆ ಯಾಕೆ ಹೆದರುತ್ತಿ ಮಗಾ? ಇನ್ನೊಮ್ಮೆ ಕಾಯಿಸಿದರೆ ಬಿಟ್ಟುಕೊಳ್ಳುತ್ತದೆ’ ಅಂದರು. ಮೇಲೆ ಒದ್ದೆ ಹತ್ತಿ ಇಟ್ಟುಕೊಂಡೆವು, ಪಕ್ಕದ ಬೆಸುಗೆ ಕರಗದಿರಲಿ ಎಂದು. ಬೋಗಿ ಬಿಟ್ಟುಕೊಂಡಿತು.

ಬೆಳ್ಮಣ್ಣಿನಿಂದ ಬಸ್ಸಿನಲ್ಲಿ ಬರುವಾಗ ಅದೇ ಮಾತು ತಲೆಯಲ್ಲಿತ್ತು. ನಾನು ಕಳೆದುಕೊಂಡ ಎರಡು ಸಂದರ್ಶನಗಳನ್ನು ಮುರಿದ ಮಡಿಕೆಯೆಂದೇ ತಿಳಿದು ತಿಂಗಳುಗಟ್ಟಲೆ ಕೊರಗಿದ್ದೆ. ನಿಜಕ್ಕೂ ಅವು ತಪ್ಪಿದ ಬೆಸುಗೆಗಳು. ಮತ್ತೆ ತೊಳೆದು, ಮತ್ತೆ ಕಾಯಿಸಬಹುದಾದವು. ಎಲ್ಲ ತಪ್ಪೂ ಹಾಗಲ್ಲ ಎನ್ನುವುದನ್ನು ಭಾವ ಕೊಟ್ಟ ತಗಡು ಕಲಿಸಿದೆ. ಕೆಲವನ್ನು ಮಾಡುವ ಮೊದಲೇ ಕಾಗದದಲ್ಲಿ ಮಡಚಿ ನೋಡಬೇಕು. ಯಾವುದು ಯಾವ ಬಗೆಯದೆಂದು ತಿಳಿಯುವುದೇ ಕಷ್ಟ. ಆ ರಾತ್ರಿ ಮತ್ತೆ ಅರ್ಜಿ ಹಾಕಲು ಕುಳಿತೆ.

ವ್ಯಾಗನ್ ಮುಗಿದ ದಿನ ರಟ್ಟಿನ ಲಾರಿಯೊಂದನ್ನು ಮಾಡಿ, ಅಪ್ಪನ ಲಾರಿಯ ಬಣ್ಣವನ್ನೇ ಹಚ್ಚಿ ಅದರ ಮೇಲೆ ನಿಲ್ಲಿಸಿ ಮೇಜಿನ ಮೇಲಿಟ್ಟೆ. ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಬಹಳ ಹೊತ್ತು ಮಾತಿಲ್ಲ. ಕೊನೆಗೆ, ‘ಚಕ್ರಕ್ಕೆ ಬೆಣೆ ಕೊಡದೆ ಲಾರಿ ನಿಲ್ಲಿಸಿದ್ದೀಯಲ್ಲ, ಮೊದಲ ತಿರುವಿನಲ್ಲೇ ಜಾರುತ್ತದೆ’ ಅಂದರು. ಅಡುಗೆಮನೆಯಿಂದ ಬೆಂಕಿಕಡ್ಡಿ ತಂದು, ಬ್ಲೇಡಿನಲ್ಲಿ ಸೀಳಿ ಸೀಳಿ ಪುಟ್ಟ ಬೆಣೆಗಳನ್ನು ಮಾಡತೊಡಗಿದರು.

ಮುಂದಿನ ವಾರ ನನಗೆ ಇನ್ನೊಂದು ಸಂದರ್ಶನವಿದೆ. ಅಪ್ಪ ಇನ್ನೂ ಎರಡು ಚಕ್ರಕ್ಕೆ ಬೆಣೆ ಬಾಕಿ ಇದೆ ಅನ್ನುತ್ತಿದ್ದಾರೆ.