ಕೆಚ್ಚಲು ಬಾವು ಮರುಕಳಿಸುವುದೇಕೆ?

ಹಸುವಿಗೆ ಕೆಚ್ಚಲು ಬಾವು ಬಂದು, ಚಿಕಿತ್ಸೆಯಿಂದ ಗುಣವಾದಂತೆ ತೋರಿ, ಕೆಲವು ವಾರಗಳಲ್ಲಿ ಅದೇ ಮೊಲೆಗೆ ಪುನಃ ಬರುವುದುಂಟು. ಆಗ ಔಷಧವು ಕಳಪೆಯೆಂದೂ ದೃಷ್ಟಿ ತಾಗಿತೆಂದೂ ಗ್ರಾಮಗಳಲ್ಲಿ ಹೇಳುವರು. ಕರೆಯುವವನ ಕೈ ಶುಚಿಯಿಲ್ಲದಿದ್ದರೆ ಅದೂ ಕಾರಣವೇ ಸರಿ; ಆದರೆ ರೋಗಕಾರಕ ಕ್ರಿಮಿಯಲ್ಲಿಯೇ ಇರತಕ್ಕ ಮತ್ತೊಂದು ಕಾರಣವನ್ನು ಪಟೇಲರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಈ ಕ್ರಿಮಿಯು ಇಬ್ಭಾಗವಾಗುತ್ತ ಕೋಟಿಗಟ್ಟಲೆ ವೃದ್ಧಿಯಾಗುವಾಗ, ಅದರ ಜೀನುಗಳಲ್ಲಿ ಅಪರೂಪವಾಗಿ ವ್ಯತ್ಯಾಸವುಂಟಾಗುತ್ತದೆ. ಹೀಮ್ ಎಂಬ ಪದಾರ್ಥವನ್ನು ಸಿದ್ಧಪಡಿಸುವ ಜೀನು ಕೆಟ್ಟರೆ ಕ್ರಿಮಿಯ ಉಸಿರಾಟದ ವ್ಯವಸ್ಥೆಯು ಕುಂದಿ, ಶಕ್ತಿಯು ಸಾಲದೆ ಬೆಳವಣಿಗೆಯು ಮಂದವಾಗುತ್ತದೆ. ಈ ಕುಂದೇ ಅದಕ್ಕೆ ರಕ್ಷೆ. ಜೆಂಟಮೈಸಿನ್ ಜಾತಿಯ ಔಷಧಗಳು ಕ್ರಿಮಿಯ ಒಳಹೋಗಲು ಪೊರೆಯಲ್ಲಿ ವಿದ್ಯುದ್ಬಲ ಬೇಕು. ಅದು ಕುಗ್ಗಿರುವುದರಿಂದ ಔಷಧವು ಹೊರಗೇ ನಿಲ್ಲುತ್ತದೆ. ಮಂದ ಕ್ರಿಮಿಯು ವಿಷವನ್ನು ಹೆಚ್ಚಾಗಿ ಉತ್ಪತ್ತಿಮಾಡದೆ, ಕೆಚ್ಚಲಿನ ಜೀವಕೋಶಗಳನ್ನು ಕೊಲ್ಲದೆ ಅವುಗಳೊಳಗೇ ಅಡಗಿರುವುದು. ಔಷಧವು ಈ ವ್ಯತ್ಯಾಸವನ್ನು ಹುಟ್ಟಿಸಲೇಬೇಕೆಂದಿಲ್ಲ. ಚುರುಕಾದವುಗಳನ್ನು ಕೊಂದು, ಮೊದಲೇ ಇದ್ದ ಮಂದ ಜಾತಿಯನ್ನು ಉಳಿಸುವುದು. ಮಳೆ ತಪ್ಪಿದ ವರ್ಷ ಎತ್ತರದ ಪೈರು ಒಣಗಿ ಕುಳ್ಳು ಪೈರು ನಿಲ್ಲುವುದನ್ನು ಕಂಡವರಿಗೆ ಇದು ವಿಚಿತ್ರವಲ್ಲ. ಮುಂದೆ ಕೆಲವು ಕ್ರಿಮಿಗಳು ಮೊದಲಿನ ಸ್ವಭಾವಕ್ಕೆ ತಿರುಗಿದರೆ ಬಾವು ಪುನಃ ಕಾಣುತ್ತದೆ.

1995ರಲ್ಲಿ ಅಮೆರಿಕೆಯ ರಿಚರ್ಡ್ ಪ್ರಾಕ್ಟರ್ ಮತ್ತು ಸಂಗಡಿಗರು ಮನುಷ್ಯರ ಮರುಕಳಿಸುವ ರೋಗಗಳಲ್ಲಿ ಇಂತಹ ಕ್ರಿಮಿಗಳನ್ನು ವರ್ಣಿಸಿದರು. 2008ರಲ್ಲಿ ಕೆನಡಾದ ವಿದ್ವಾಂಸರು ದೀರ್ಘಕಾಲದ ಕೆಚ್ಚಲು ಬಾವಿನ ಹಸುವಿನಿಂದ ಪಡೆದ ಮಂದ ಜಾತಿಯೊಂದರ ಲಕ್ಷಣಗಳನ್ನು ಪ್ರಕಟಿಸಿದರು.

ಪ್ರಯೋಗಶಾಲೆಯಲ್ಲಿ ಸಾಧಾರಣ ಕ್ರಿಮಿಯ ಗುಂಪು ಒಂದು ದಿನದಲ್ಲಿ ಸ್ಪಷ್ಟವಾಗಿ ತೋರಿದರೆ, ಇದರದು ಸೂಜಿಮೊನೆಯಷ್ಟು ಕಾಣಲು ಎರಡು ಮೂರು ದಿನಗಳಾಗಬಹುದು. ಬೇಗನೆ ನೋಡಿ ‘ಕ್ರಿಮಿಯಿಲ್ಲ’ವೆಂದು ಬರೆದ ವರದಿಯನ್ನು ನಂಬಿ ಹಸುವನ್ನು ಹಿಂಡಿಗೆ ಸೇರಿಸಿದರೆ, ಕರೆಯುವವನ ಕೈಯಿಂದಲೇ ಇತರ ಹಸುಗಳಿಗೂ ರೋಗವು ಹರಡೀತು.

ಆದಕಾರಣ, ಮರುಕಳಿಸಿದ ಹಸುವಿನ ನಾಲ್ಕು ಮೊಲೆಗಳ ಹಾಲನ್ನೂ ಚಿಕಿತ್ಸೆಗೆ ಮುಂಚೆ ಬೇರೆಬೇರೆ ಶುದ್ಧ ಸೀಸೆಗಳಲ್ಲಿ ಕಳುಹಿಸಿ, 72 ಗಂಟೆಗಳವರೆಗೆ ಪರೀಕ್ಷಿಸುವಂತೆ ಕೇಳಬೇಕು. ಆ ಹಸುವನ್ನು ಎಲ್ಲಕ್ಕಿಂತ ಕಡೆಗೆ ಕರೆದು, ಮೊಲೆಗಳನ್ನು ಕ್ರಿಮಿನಾಶಕದಲ್ಲಿ ಅದ್ದಬೇಕು. ಬಾವಿಳಿಯಿತೆಂದು ಔಷಧವನ್ನು ನಡುವೆ ಬಿಡಕೂಡದು. ಎಷ್ಟು ಸಾರಿಗೂ ಗುಣವಾಗದ ಹಸುವನ್ನು ವೈದ್ಯರ ಸಲಹೆಯಂತೆ ಹಿಂಡಿನಿಂದ ಬೇರ್ಪಡಿಸತಕ್ಕದ್ದು. ರೋಗವನ್ನು ಮುಚ್ಚಿಟ್ಟು ಸಂತೆಯಲ್ಲಿ ಮಾರುವುದು ನೆರೆಯವನ ಕೊಟ್ಟಿಗೆಗೆ ಬೆಂಕಿಯಿಟ್ಟಂತೆಯೇ.